ಗೇಟಿನ ಬಲಗಂಬ

ಅಕ್ಟೋಬರ್ ೧೪, ಸೋಮವಾರ

ನಾನು ದುರ್ಗಾದೇವಿ. ಸುರಪುರ ರಂಗಂಪೇಟೆಯ ಗಿರಣಿ ಮನೆಯ ಹಿರಿಯಳು. ಎಸ್ಸೆಸ್ಸೆಲ್ಸಿ ಪಾಸು — ನಮ್ಮ ಓಣಿಯ ಹೆಣ್ಣುಮಕ್ಕಳಲ್ಲಿ ಮೊದಲು. ಇದು ಮಾವನ ಹೆಸರಿನ ಮನೆಯಾಗಿತ್ತು, ಆಮೇಲೆ ಗಂಡನ ಹೆಸರಿನ ಮನೆ. ಇನ್ನು ನನ್ನ ಹೆಸರಿನ ಕಲ್ಲು. ಲಾಡ್ಲೇಸಾಬ ಕೆತ್ತಿದ್ದಾನೆ. ಇವತ್ತು ಗೇಟಿನ ಬಲಗಂಬಕ್ಕೆ ಬೋಲ್ಟಿಗೆಂದು ನಾಲ್ಕು ತೂತು ಕೊರೆದು ಹೋದ. ಅಕ್ಷರಕ್ಕೆ ಬಣ್ಣ ತುಂಬಿ ದೀವಳಿಗೆ ಪಾಡ್ಯಕ್ಕೆ ಹಚ್ಚುತ್ತಾನಂತೆ. ಬಸ್ಸಿನಲ್ಲಿ ಹೋಗುವವರೂ ಓದಬಹುದು.

ಸೊಸೆ ಅಂಜನಾಳದ್ದು ಬೇರೆ ಕಟ್ಟಡ. ಕಾಲೇಜಿನಲ್ಲಿ ಹುಳುಗಳ ಪಾಠ ಹೇಳುತ್ತಾಳೆ. ಮಾಳಿಗೆ ಮೇಲೆ ಪೆಟ್ಟಿಗೆ, ಒಳಗೆ ಬಿದಿರಿನ ನಳಿಗೆಗಳು. ಒಂಟಿ ಜೇನಿಗೆ ಮನೆಯಂತೆ. ಊರೆಲ್ಲ ಸಿಮೆಂಟಾಗಿ ಅವಕ್ಕೆ ಗೂಡಿಗೆ ಜಾಗವಿಲ್ಲವಂತೆ. ಒಂದೂ ಬಂದಿಲ್ಲ.

"ನಿನ್ನ ಲಾಡ್ಜಿಗೆ ಗಿರಾಕಿ ಬಂದಾರೇನವಾ?" ಅಂದೆ. ನಕ್ಕಳು. ಅವಳಿಗೆ ಸಿಟ್ಟು ಬರುವುದಿಲ್ಲ. ಅದೇ ನನಗೆ ಸಿಟ್ಟು.

ಅಕ್ಟೋಬರ್ ೨೩

ಗುಲಾಬಿ ಎಲೆಯೆಲ್ಲ ಗುಂಡಗೆ ಕತ್ತರಿಸಿ ಹೋಗಿದೆ. ಪಕ್ಕದ ಮನೆ ಹುಸೇನಬೀಗೆ ಗೋಡೆ ಮೇಲಿಂದಲೇ ಕೇಳಿದೆ — ಆಡು ಕಟ್ಟಿಹಾಕಲಿಕ್ಕೆ ಬರೋದಿಲ್ಲೇನು?

"ನಮ್ಮ ಆಡು ಕೈಬಳಿ ಅಳತಿ ಇಟ್ಟು ಗುಂಡಗ ತಿಂತದೇನ್ರಿ ಬಾಯಾರ?"

ಒಳಗೆ ಬಂದೆ.

ಅಕ್ಟೋಬರ್ ೨೪, ಬೆಳಿಗ್ಗೆ ಹತ್ತು

ಕುರ್ಚಿ ಹಾಕಿ ಕಾದೆ. ಕಳ್ಳ ಸಿಕ್ಕಿತು. ಕಪ್ಪು ಜೇನು, ಹೊಟ್ಟೆ ಕೆಳಗೆ ಎಲೆಯ ಚೂರು... ಸೀದಾ ಬಲಗಂಬಕ್ಕೆ. ನನ್ನ ಕಲ್ಲಿನ ತೂತಿನೊಳಗೆ! ಎಲೆಯನ್ನು ಚಾಪೆಯಂತೆ ಸುರುಳಿ ಮಾಡಿ ಎಳೆದುಕೊಂಡಿತು.

ಅಂಜನಾ ಓಡಿ ಬಂದಳು.

"ಅತ್ತಿ, ತತ್ತಿ ಇಟ್ಟು ಎಲಿಲೇ ಬಾಗಿಲಾ ಮುಚ್ಚಾಕತ್ಯಾವ. ಈಗ ಬೋಲ್ಟ್ ಹೊಡದ್ರ ಮರಿ ಸಾಯ್ತಾವ."

"ನಿನ್ನ ಪೆಟ್ಟಿಗಿಗೆ ಹೋಗು ಅನ್ನು."

"ನನ್ನ ಪೆಟ್ಟಿಗೀನ ತಪ್ಪಾಗೇದ್ರಿ. ನಳಿಗಿ ಎರಡೂ ಕಡಿ ತೆರದಾವ, ಗಾಳಿಗಿ ಅಲ್ಲಾಡತಾವ. ನಿಮ್ಮ ತೂತ ಹಿಂದ ಮುಚ್ಚೇದ, ಮುಂಜಾನಿ ಬಿಸಲ ಬೀಳತದ. ನಿಮ್ದ ಚಲೋ ಡಿಸೈನ್."

ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿಬಿಟ್ಟೆ.

ಅಕ್ಟೋಬರ್ ೩೧

ನಾಲ್ಕೂ ತೂತು ಹಸಿರು ಮುಚ್ಚಳ ಹಾಕಿಕೊಂಡಿವೆ. ಶಹಾಪುರದಿಂದ ನಾದಿನಿ ಅಮೃತಮ್ಮನ ಫೋನು.

"ಪಾಡ್ಯಕ್ಕ ನಿಮ್ಮ ಹೆಸರ ನೋಡಾಕ ಬರ್ತೀನ್ರಿ ವೈನಿ. ಎಸ್ಸೆಸ್ಸೆಲ್ಸೀನೂ ಬರಸೀರಂತಲ್ಲ?"

ನಗುತ್ತಿದ್ದಳು. ಬರಲಿ. ನೋಡಲಿ.

ಎಡಗಂಬದ ಮುಂದೆ ಕರೆಂಟಿನ ಕಂಬ ನಿಂತಿದೆ. ಅಲ್ಲಿ ಹಚ್ಚಿದರೆ ಅರ್ಧ ಹೆಸರು ಮುಚ್ಚುತ್ತದೆ. ಎಡಕ್ಕೆ ಹಚ್ಚಿರೆಂದು ಅಂಜನಾ ಬಾಯಿ ಬಿಟ್ಟು ಕೇಳಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ.

ನವೆಂಬರ್ ೨, ಪಾಡ್ಯ, ಸಂಜೆ

ಲಾಡ್ಲೇಸಾಬ ಡ್ರಿಲ್ ಹಿಡಿದು ಬಲಗಂಬದ ಮುಂದೆ ನಿಂತ. "ಹಚ್ಚಲೇನ್ರಿ ಅಮ್ಮಾರ?"

"ಎಡಕ್ಕ," ಅಂದೆ.

ಹಚ್ಚಿದ್ದಾಯಿತು. ರಸ್ತೆಯಿಂದ 'ದುರ್ಗಾ' ಕಾಣುತ್ತದೆ. ಉಳಿದದ್ದು ಕಂಬದ ಹಿಂದೆ, ಎಸ್ಸೆಸ್ಸೆಲ್ಸಿ ಸಮೇತ. ಬಲಗಂಬದಲ್ಲಿ, ಹಳೆಯವಕ್ಕೆ ತಾಗದಂತೆ ಕೆಳಗೆ, ಇನ್ನೊಂದು ಸಾಲು ತೂತು ಕೊರೆಸಿದೆ. ಅಂಜನಾ ಪೆನ್ಸಿಲಿನಿಂದ ಗುರುತು ಹಾಕಿದಳು. ಮೇಲೆ ಒಂದು ಫರಸಿ ಕಲ್ಲಿನ ತುಂಡು, ಮಳೆಗೆ ಅಡ್ಡ. ಅದು ನನ್ನ ಡಿಸೈನ್.

ಅಮೃತಮ್ಮ ಗೇಟಿನಲ್ಲೇ ನಿಂತಳು. "ಇಂಥಾ ಬಲಗಂಬ ಬಿಟ್ಟು ಅಲ್ಲಿ ಯಾಕ ಅಡಗಿಸೀರಿ ವೈನಿ?"

"ಬಲಕ್ಕ ಬಾಣಂತ್ಯಾರು ಅದಾರ. ಸಪ್ಪಳ ಮಾಡಬ್ಯಾಡ."

ಈಗ ಹೊರಗೆ ಗದ್ದಲ. ಹೊಸ ತೂತಿಗೆ ಒಂದು ಜೇನು ಬಂದು ಇಣುಕುತ್ತಿದೆಯಂತೆ. ಅಮೃತಮ್ಮನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಾಳೆ. ನನ್ನ ಚಪ್ಪಲಿ ಎಲ್ಲಿ...