ಹಡಗಿನ ಅಡಿಗೆ ಹುಡುಗ

ಫರ್ವಾನಿಯಾ, ಕುವೈತ್
12 ನವೆಂಬರ್ 2024

ನರಸಿಂಹಣ್ಣನಿಗೆ ಆಗ್ನೆಸ್ ಮಾಡುವ ನಮಸ್ಕಾರ.

ನೀವು ಪತ್ರ ಬರೆದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದು ರೂಢಿ. ಆಸ್ಪತ್ರೆಯಲ್ಲಿ ಡ್ಯೂಟಿ ಜಾಸ್ತಿ ಎಂದು ಸುಳ್ಳು ಬರೆಯಬಹುದಿತ್ತು. ನಿಜವೇನೆಂದರೆ ನಿಮಗೆ ಬರೆಯಲು ಮನಸ್ಸಿರಲಿಲ್ಲ.

ನೀವು ನಮ್ಮ ಪಕ್ಕದ ಮನೆಯಿಂದ ಕಾಲೇಜಿಗೆ ಹೋಗುತ್ತಿದ್ದಾಗ ಹುಡುಗರ ಮಾಸಿಕಕ್ಕೆ ಬರೆದ ಸಾಹಸ ಧಾರಾವಾಹಿ ‘ಹವಳದಿಬ್ಬದ ಕಳ್ಳರು’ ನಲವತ್ತು ವರ್ಷದ ಮೇಲೆ ಪುಸ್ತಕವಾಗಿದೆಯಂತೆ. ಮುಂದಿನ ತಿಂಗಳು ಇಲ್ಲಿಯ ಕನ್ನಡ ಸಂಘದವರು ನಿಮ್ಮನ್ನೇ ಕರೆಸಿ ಬಿಡುಗಡೆ ಮಾಡುತ್ತಾರಂತೆ. ನಾನು ವೇದಿಕೆಯಲ್ಲಿ ನಾಲ್ಕು ಮಾತಾಡಬೇಕು, ನೀವು ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತೀರಿ. ಇಷ್ಟೆಲ್ಲ ಬರೆದವರು, ಕಥೆಯ ಹಡಗಿನಲ್ಲಿ ಅಡಿಗೆ ಮಾಡುವ ತೊದಲು ಹುಡುಗ ‘ಮಮ್ಮತಾಯಿ’ ಯಾರೆಂದು ಮಾತ್ರ ಬರೆದಿಲ್ಲ. ಪತ್ರದ ಜೊತೆ ಕಳಿಸಿದ ಮುನ್ನುಡಿಯಲ್ಲೂ ಇಲ್ಲ. ‘ಈ ಪಾತ್ರವೇ ನನ್ನನ್ನು ಹಾಸ್ಯ ಲೇಖಕನನ್ನಾಗಿ ಮಾಡಿತು’ ಎಂದಿದ್ದೀರಿ. ಯಾರ ಬೆನ್ನ ಮೇಲೆ ಕಾಲಿಟ್ಟು ಹತ್ತಿದಿರಿ ಎನ್ನಲಿಲ್ಲ.

ತನ್ನ ಹೆಸರನ್ನೇ ‘ಮ-ಮ್ಮಥಾಯ’ ಎಂದು ತೊದಲುತ್ತಿದ್ದ ನನ್ನ ತಮ್ಮ ಮಥಾಯಸ್‌ಗೆ ಆಗ ಹನ್ನೊಂದು ವರ್ಷ. ಸಂಚಿಕೆ ಬಂದ ದಿನ ಶಾಲೆಯ ಹುಡುಗರು ಅವನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, “ಮಮ್ಮತಾಯಿ, ಬೆಂಕಿ ಅಂತ ಹೇಳಾ” ಎಂದು ಪೀಡಿಸಿದರು. ಹಡಗಿಗೆ ಬೆಂಕಿ ಬಿದ್ದರೂ ಆ ಶಬ್ದ ಬಾಯಿಂದ ಹೊರಡದೆ ಮಮ್ಮತಾಯಿ ಕುಣಿದಾಡುವ ಅಧ್ಯಾಯವನ್ನು ಮಾಸ್ಟ್ರೇ ತರಗತಿಯಲ್ಲಿ ಓದಿ ಎಲ್ಲರನ್ನೂ ನಗಿಸಿದರು. ಮರುದಿನದಿಂದ ಅವನು ಶಾಲೆಗೆ ಹೋಗಲಿಲ್ಲ. ಈಗ ಸಬ್ಹಾನ್‌ ಎಂಬ ಇಲ್ಲಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇಪ್ಪತ್ತೆರಡು ವರ್ಷದಿಂದ ನಮ್ಮ ಜೊತೆಗೇ ಇದ್ದಾನೆ. ಮದುವೆಯಾಗಿಲ್ಲ. ಕೇಳಿದರೆ ಉತ್ತರ ಕೊಡುತ್ತಾನೆ, ತಾನಾಗಿ ಮಾತು ತೆಗೆಯುವುದಿಲ್ಲ.

ಕಳೆದ ಗುರುವಾರ ನಡೆದದ್ದು ಕೇಳಿ. ಸಮಾರಂಭಕ್ಕೆಂದು ನಿಮ್ಮ ಕಥೆಯನ್ನು ಮಕ್ಕಳ ನಾಟಕ ಮಾಡುತ್ತಿದ್ದಾರೆ. ಮಮ್ಮತಾಯಿಯ ಪಾತ್ರ ಸಿಕ್ಕಿದ್ದು ನನ್ನ ಮಗಳು ಲೊರೈನ್‌ಗೆ. ನನಗೆ ಅದು ಗೊತ್ತಿರಲಿಲ್ಲ. ಡ್ಯೂಟಿ ಮುಗಿಸಿ ಬಂದಾಗ ಅವಳು ಹಾಲಿನ ನಡುವೆ ನಿಂತು “ಬೆ-ಬೆ-ಬೆ” ಎಂದು ಅಭ್ಯಾಸ ಮಾಡುತ್ತಿದ್ದಳು. ಕೆಲಸದ ಬೂಟನ್ನೂ ಬಿಚ್ಚದೆ ಮಥಾಯಸ್ ಸೋಫಾದಲ್ಲಿ ಕೂತು ನೋಡುತ್ತಿದ್ದ.

“ಹಾ-ಹಾಗಲ್ಲ ಮಗಾ,” ಎಂದ. “ಸಿಕ್ಕಿ ಬೀಳುವುದು ‘ಬೆ’ ಅಲ್ಲ, ಉ-ಉಸಿರು. ಎಲ್ಲರೂ ನಿನ್ನ ಬಾಯಿಯನ್ನೇ ನೋಡ್ತಾರಲ್ಲ, ಆಗ ಕಣ್ಣು ಮು-ಮುಚ್ಚಿ ಹೋಗ್ತದೆ. ಮುಚ್ಚಿಕೊಂಡು ಹೇಳು.”

ಲೊರೈನ್ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಅಂಕಲ್, ಇಟ್ಸ್ ಯೂ?” ಎಂದಳು. ಅವನು ತಲೆಯಾಡಿಸಿದ. ಅವಳು ಅಲ್ಲಿಂದಲೇ ನಾಟಕ ಕಲಿಸುವ ಡೆಲ್ಮಾಗೆ ಫೋನ್ ಮಾಡಿ, “ಐ ವೋಂಟ್ ಡೂ ಇಟ್, ಆಂಟಿ” ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ನಿಮ್ಮನ್ನು ಬೈಯಲು ಶುರು ಮಾಡಿದೆ. ಅವನೇ ತಡೆದ. “ಖಲಾಸ್ ಅಕ್ಕ, ಸಾಕು. ನಾನು ಹೋ-ಹೋಗ್ತೇನೆ. ಎದುರಿನ ಸಾಲಿನಲ್ಲೇ ಕೂತ್ಕೊಳ್ತೇನೆ. ಅವರು ಒ-ಒಮ್ಮೆ ನನ್ನನ್ನು ನೋಡಲಿ.”

ಹಾಗಾಗಿ ನಾನು ವೇದಿಕೆ ಹತ್ತುವುದಿಲ್ಲ, ತಮ್ಮನ ಪಕ್ಕದಲ್ಲಿ ಕೂರುತ್ತೇನೆ. ನೀವು ನಮ್ಮ ಮನೆಗೆ ಬರಬೇಡಿ. ಬೆಂಕಿಯ ಅಧ್ಯಾಯ ಓದುವ ಧೈರ್ಯವಿದ್ದರೆ ಅವನ ಮುಖ ನೋಡಿಕೊಂಡು ಓದಿ.

ದೇವರು ನಿಮಗೆ ಆಯುಷ್ಯ ಕೊಡಲಿ. ನಿಮ್ಮ ಮೊಮ್ಮಕ್ಕಳಿಗೆ ಯಾರೂ ಅಡ್ಡಹೆಸರು ಇಡದಿರಲಿ.

ಆಗ್ನೆಸ್

ವಿ.ಸೂ.: ನೀವು ಆ ಕಥೆ ಬರೆಯುವ ಮೊದಲು ಊರಿನ ನಮ್ಮ ಅಡಿಗೆಮನೆಗೆ ಬೆಂಕಿ ಬಿದ್ದ ದಿನ ಮಥಾಯಸ್ ಅಂಗಳಕ್ಕೆ ಓಡಿ ಬಂದದ್ದು ನನ್ನ ಹತ್ತಿರ. “ಬೆ… ಬೆ…” ಎನ್ನುತ್ತ ನಿಂತಿದ್ದ. “ಆಡಿನ ಹಾಗೆ ಅರಚಬೇಡ” ಎಂದು ನಕ್ಕು ಪುಸ್ತಕದ ಹಾಳೆ ತಿರುಗಿಸಿದವಳು ನಾನು. ಅಷ್ಟರಲ್ಲಿ ಅಮ್ಮನ ಎರಡೂ ಕೈ ಸುಟ್ಟಿತ್ತು. ಆಮೇಲೆ ಅಮ್ಮನಿಗೆ ಬೀಡಿ ಕಟ್ಟಲಾಗಲಿಲ್ಲ. ಇದು ಅಕ್ಕ-ತಮ್ಮ ನಮ್ಮಿಬ್ಬರಿಗಷ್ಟೇ ಗೊತ್ತಿದ್ದ ಮಾತು. ನಿಮ್ಮ ಜಗಲಿಯಲ್ಲಿ ಅಳುತ್ತ ನಿಮಗೊಬ್ಬರಿಗೇ ಹೇಳಿದ್ದೆ. ನಿಮಗೆ ಅದನ್ನು ಹೇಳಿದ್ದು ಯಾರೆಂದು ಈ ನಲವತ್ತು ವರ್ಷದಲ್ಲಿ ಅವನು ಒಮ್ಮೆಯೂ ನನ್ನನ್ನು ಕೇಳಿಲ್ಲ.