ಹಿಪ್ಪರಗೆವ್ವ, ಗಂಡ ಮಾಳಿಂಗಪ್ಪ

ಇಂಡಿ
ಮಂಗಳವಾರ, 30 ಜೂನ್ 2026
ಕಾರಹುಣ್ಣಿಮೆಯ ಮರುದಿನ

ಪ್ರೀತಿಯ ಅರುಣಣ್ಣನಿಗೆ,

ತಂಗಿ ಕಾವೇರಿಯ ನಮಸ್ಕಾರ. 'ಪ್ರೀತಿಯ' ಎಂದು ಬರೆಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಪದ್ಧತಿ ಬಿಡಬಾರದೆಂದು ಬರೆದಿದ್ದೇನೆ, ಅದಕ್ಕೆ ಉಬ್ಬಬೇಡ. ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ವೈನಿಯ ಮೊಣಕಾಲು ನೋವು ಹೇಗಿದೆ? ಪ್ರಿಯದರ್ಶಿನಿಗೆ ಈ ವರ್ಷ ದೊಡ್ಡ ಪರೀಕ್ಷೆ, ಮೊಬೈಲು ಬದಿಗಿಟ್ಟು ಓದು ಎಂದು ಅತ್ತೆ ಹೇಳಿದಳೆಂದು ಹೇಳು. ನಾವೆಲ್ಲ ಆರಾಮ ಇದ್ದೇವೆ. ಅವ್ವ ನಿನ್ನೆ ಹೋಳಿಗೆ ಮಾಡಿದಳು. ಎತ್ತಿಲ್ಲದ ಮನೆಗೆ ಕಾರಹುಣ್ಣಿಮೆ ಯಾಕೆ ಎಂದರೆ ಕೇಳಲಿಲ್ಲ; ಓಣಿಯಲ್ಲಿ ಹಾದುಹೋದ ಮಂದಿಯ ಎತ್ತುಗಳಿಗೆ ತಿನ್ನಿಸಿ ಬಂದಳು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಾಗಿತ್ತಲ್ಲ ಎನ್ನುತ್ತೀ. ಫೋನು ಮಾಡಿದರೆ 'ಕ್ಲಾಸಿನಲ್ಲಿದ್ದೇನೆ' ಎಂದು ಇಡುತ್ತೀ, ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತೀ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುವವಳು ಅವ್ವ ಒಬ್ಬಳೇ ಎಂದುಕೊಂಡಿದ್ದೆ. ಅದಕ್ಕೇ ಈ ಕಾಗದ. ಇದಕ್ಕೆ ಹೆಬ್ಬೆರಳು ತೋರಿಸಲು ಬರುವುದಿಲ್ಲ, ಕೂತು ಓದಲೇಬೇಕು.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿನಗೆ ಬೇಕಾದದ್ದಷ್ಟೇ ನೆನಪಿರುತ್ತದೆ. ದೀಪಾವಳಿಗೆ ಬಂದಾಗ ವಂಶಾವಳಿ ಮಾಡುತ್ತೇನೆಂದು ದೊಡ್ಡ ಹಾಳೆ ಹಾಸಿಕೊಂಡು ಕೂತೆ. ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು, ನಿನಗೆ ಅದು ಒಪ್ಪುತ್ತದೆ, ಬೇಡ ಎನ್ನುವುದಿಲ್ಲ. ಹಳೆಯ ಮತದಾರರ ಪಟ್ಟಿಗಳಲ್ಲಿ ಊರು, ಮನೆ ನಂಬರು, ತಂದೆಯ ಹೆಸರು, ವಯಸ್ಸು ಎಲ್ಲ ಇರುತ್ತದೆ, ಒಂದೊಂದೇ ಪಟ್ಟಿ ಹಿಡಿದು ಹಿಂದಕ್ಕೆ ಹೋದರೆ ನಮ್ಮ ಹಿರಿಯರು ಎಲ್ಲಿದ್ದರೆಂದು ತಾನೇ ತಿಳಿಯುತ್ತದೆ ಎಂದು ಪಾಠ ಮಾಡಿದೆ. ಆಮೇಲೆ ನನ್ನ ಕಡೆ ತಿರುಗಿ, ನೀನು ಹೇಗಿದ್ದರೂ ಬಸ್ಸಿನಲ್ಲೇ ಇರುವವಳು, ಹೋದ ಹೋದ ಊರಲ್ಲಿ ನೋಡಿಕೊಂಡು ಬಾ ಎಂದೆ. ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಗಾಳಿ ತಿನ್ನುತ್ತ ಕೂತವಳು ಎಂದು ನಿನ್ನ ಲೆಕ್ಕ. ಆ ಹಾಳೆಯಲ್ಲಿ ಅಪ್ಪ, ಮುತ್ಯಾ, ಮುತ್ಯಾನ ಅಪ್ಪ ಎಂದು ಚೌಕದ ಮೇಲೆ ಚೌಕ ಹಾಕಿದ್ದೆ. ಹೆಂಗಸರಿಗೆ ಒಂದು ಚೌಕವೂ ಇರಲಿಲ್ಲ. ಅವತ್ತೇ ಕೇಳಬೇಕಾಗಿತ್ತು, ನೀವೆಲ್ಲ ಏನು ಆಲದ ಬಿಳಲಿನಿಂದ ಇಳಿದು ಬಂದಿರಾ ಎಂದು. ಹಬ್ಬದ ದಿನವೆಂದು ಸುಮ್ಮನಿದ್ದೆ.

ಅದಾದ ಕೆಲವು ತಿಂಗಳಿಗೆ ಅಂಗನವಾಡಿಯ ಕಾಶಿಬಾಯಿ ಮನೆಗೆ ಬಂದರು. ನಮ್ಮ ಓಣಿಯ ಮತದಾರರ ಪಟ್ಟಿ ನೋಡುವವರು ಅವರೇ. ಅವ್ವನ ಹೆಸರು ಹೊಸ ಪಟ್ಟಿಯಲ್ಲಿ ಉಳಿಯಬೇಕಾದರೆ 2002ರ ಪಟ್ಟಿಯಲ್ಲಿ ಅವಳದಾಗಲಿ ಅವಳ ತಂದೆತಾಯಿಯದಾಗಲಿ ಹೆಸರು ತೋರಿಸಬೇಕು ಎಂದರು. ಅವ್ವ ಅಂದಿನಿಂದ ಊಟ ಕಡಿಮೆ ಮಾಡಿದ್ದಾಳೆ. ಓಟಿನ ದಿನ ಅವಳು ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಾಳೆಂದು ನಿನಗೆ ಗೊತ್ತಿದೆಯಲ್ಲ. ಮಂದಿಯ ಮುಂದೆ ಅವಳು ಯಾರದೋ ಹೆಂಡತಿಯಾಗಿ ಅಲ್ಲ, ತಾನಾಗಿ ನಿಲ್ಲುವುದು ಅದೊಂದೇ ದಿನ. ನಿನಗೆ ಹೇಳಿದೆ. ನೀನು ಕಂಪ್ಯೂಟರಿನಲ್ಲಿ ಅವ್ವನ ಹೆಸರು 'ಶೇವಂತೆವ್ವ' ಎಂದು ಬರೆದು ಹುಡುಕಿದೆ, ಬರಲಿಲ್ಲ. ಇಂಡಿಯ ಪಟ್ಟಿಯಲ್ಲಿ ಅವ್ವ ಇಲ್ಲವೇ ಇಲ್ಲ ಎಂದು ಷರಾ ಬರೆದೆ. ನಮ್ಮ ಮೂಲ ಊರಿನಲ್ಲಿ ಇರಬೇಕು, ಎರಡೂ ಒಂದೇ ಕೆಲಸ, ಹುಡುಕು ಎಂದೆ. ನಾನು ನಂಬಿದೆ. ಓದಿದ ಅಣ್ಣ ನೋಡಿದ ಮೇಲೆ ಇನ್ನೇನು ನೋಡುವುದು?

ನಮ್ಮ ಅಡ್ಡಹೆಸರು ಗೊಳಸಂಗಿ, ಆದ್ದರಿಂದ ಗೊಳಸಂಗಿಗೆ ಹೋಗು ಎಂಬುದು ನಿನ್ನ ಮೊದಲ ಅಪ್ಪಣೆ. ರಜೆ ಹಾಕಿ ಬಸವನ ಬಾಗೇವಾಡಿಗೆ ಹೋಗಿ, ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು, ಬೆಂಚಿನ ಮೇಲೆ ಕೂತು ಗೊಳಸಂಗಿಯ ಹಳೆಯ ಪಟ್ಟಿಗಳನ್ನು ತಿರುವಿ ಹಾಕಿದೆ. ಇಂಗಳೇಶ್ವರ ಎಂಬ ಅಡ್ಡಹೆಸರಿನವರಿದ್ದಾರೆ, ಇಂಡಿಯವರಿದ್ದಾರೆ, ಮುದ್ದೇಬಿಹಾಳದವರಿದ್ದಾರೆ, ಗೊಳಸಂಗಿ ಎಂಬುವರು ಮಾತ್ರ ಒಬ್ಬರೂ ಇಲ್ಲ. ಊರಿಗೇ ಹೋಗಿ ಕಟ್ಟೆಯ ಮೇಲೆ ಕೂತಿದ್ದ ಹಣಮಂತ್ರಾಯ ಎಂಬ ಹಿರಿಯರನ್ನು ಕೇಳಿದರೆ ಅವರು ಕೆಮ್ಮು ಬರುವಷ್ಟು ನಕ್ಕರು. "ಊರ ಬಿಟ್ಟ ಹೋದಾವ್ರಿಗೆ ಊರಿನ ಹೆಸರ್ರಿ ಅಕ್ಕಾರ. ಇಲ್ಲೇ ಇದ್ದಾವ್ರಿಗೆ ಅದನ್ನ ಹಚ್ಚಿ ಯಾರ ಕರೀತಾರ?" ಎಂದರು. ಇದು ನಮ್ಮ ಕಡೆ ಕುರಿ ಕಾಯುವ ಹುಡುಗನಿಗೂ ಗೊತ್ತಿರುವ ಮಾತು. ನಿನಗೆ ಹೊಳೆಯಲಿಲ್ಲ, ನಿನ್ನನ್ನು ನಂಬಿದ ನನಗೂ ಹೊಳೆಯಲಿಲ್ಲ. ತಿರುಗಿ ಬಂದು ಅಡ್ಡಹೆಸರು ಬಿಟ್ಟು ಬರೀ ಹೆಸರು ಹುಡುಕಿದಾಗ ನಮ್ಮ ಮುತ್ಯಾ ಸಿಕ್ಕ: ಬೀರಪ್ಪ, ತಂದೆ ಸೋಮಣ್ಣ, ಅಡ್ಡಹೆಸರು ಇಂಗಳೇಶ್ವರ. ತಗೋ, ನಿನ್ನ ಹಾಳೆಗೆ ಒಂದು ಚೌಕ. ಇಂಗಳೇಶ್ವರಕ್ಕೆ ಹೋದರೆ ಅಲ್ಲಿ ನಮಗೆ ಇನ್ನೊಂದು ಊರಿನ ಹೆಸರು ಇರುತ್ತದೆ. ನಾವು ಯಾವ ಊರಿನವರೆಂದು ಆ ಊರು ಬಿಟ್ಟ ಮೇಲೆಯೇ ಹೇಳಿಸಿಕೊಂಡವರು, ಕುರಿಯ ಹಿಂದೆ ನಡೆದ ಮಂದಿಗೆ ಮೂಲ ಎಲ್ಲಿಂದ ಹುಡುಕುತ್ತೀ? ಆದರೆ ನಾನು ಹೋದದ್ದು ಮುತ್ಯಾನಿಗಾಗಿ ಅಲ್ಲ. ಅವ್ವ ಅಲ್ಲಿ ಇರಲಿಲ್ಲ.

ಆಮೇಲೆ ನೀನು ಅವ್ವನ ತವರು ನೋಡು ಎಂದೆ. ದೇವರ ಹಿಪ್ಪರಗಿ ಆಗ ಸಿಂದಗಿ ತಾಲೂಕು, ಸಿಂದಗಿಗೆ ಹೋದೆ. ಅವ್ವನ ಅಪ್ಪ ಅವ್ವ ಇಬ್ಬರೂ 2002ಕ್ಕಿಂತ ಮೊದಲೇ ತೀರಿಕೊಂಡಿದ್ದರು, ಸತ್ತವರನ್ನು ಪಟ್ಟಿಯಲ್ಲಿ ಯಾರು ಇಡುತ್ತಾರೆ? ಅವರು ಹಿಂಡು ಹೊಡೆದುಕೊಂಡು ಹೊಳೆಯ ಕಡೆ ಹೋಗುತ್ತಿದ್ದರಂತೆ, ಮುದ್ದೇಬಿಹಾಳದಲ್ಲಿ ನೋಡು ಎಂದೆ. ಅಲ್ಲಿಗೂ ಹೋದೆ. ಕುರಿಗಳ ಪಟ್ಟಿ ಇದ್ದಿದ್ದರೆ ಅದನ್ನೂ ನೋಡಿ ಬರುತ್ತಿದ್ದೆ. ಏನೂ ಸಿಗಲಿಲ್ಲ ಎಂದು ನಿನಗೆ ಬರೆದಾಗ ನೀನು ಕಳಿಸಿದ ಉತ್ತರ ನನ್ನ ಮೊಬೈಲಿನಲ್ಲಿ ಇನ್ನೂ ಇದೆ: 'ಹೋಗಲಿ ಬಿಡು ಕಾವೇರಿ, ಈ ವಯಸ್ಸಿನಲ್ಲಿ ಅವ್ವನ ಒಂದು ಓಟಿನಿಂದ ಏನಾಗಬೇಕಿದೆ. ಸೋಮಣ್ಣನ ತಂದೆಯ ಹೆಸರು ಸಿಕ್ಕರೆ ನೋಡು.' ಅಣ್ಣಾ, ನೂರು ವರ್ಷದ ಹಿಂದೆ ಸತ್ತವನ ಅಪ್ಪ ಬೇಕು, ಒಲೆಯ ಮುಂದೆ ಕೂತವಳು ಬೇಡ. ನಿನ್ನನ್ನು ಹಡೆದವಳ ಬಗ್ಗೆ ಬರೆಯುತ್ತಿದ್ದೀಯೋ ಕಂದಾಯದ ಹೊಲದ ಬಗ್ಗೆಯೋ?

ಹೋದ ಗುರುವಾರ ನನ್ನ ಗಾಡಿ ಬಾಗೇವಾಡಿಯಿಂದ ಸಿಂದಗಿ ಕಡೆ ಬರುತ್ತಿತ್ತು. ಹಿಪ್ಪರಗಿ ಹತ್ತಿರ ಬಂತೆಂದು ಎಂದಿನಂತೆ ಕೂಗಿದೆ. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ನಿದ್ದೆ ಹೋಗಿದ್ದಳು. ನಾವು ಕಂಡಕ್ಟರುಗಳು ಮನುಷ್ಯರ ಹೆಸರು ಎಲ್ಲಿ ಕೇಳುತ್ತೇವೆ, ಇಳಿಯುವ ಊರೇ ಅವರ ಹೆಸರು. ಹೋಗಿ ಭುಜ ಮುಟ್ಟಿ, "ಹಿಪ್ಪರಗೆವ್ವಾ, ಏಳ, ನಿಮ್ಮೂರ ಬಂತು" ಎಂದೆ. ಅಂದವಳು ಅಲ್ಲೇ ಕಂಬ ಹಿಡಿದು ನಿಂತೆ. ನಮ್ಮ ಆಯಿ, ಅಪ್ಪನ ಅವ್ವ, ಕಟ್ಟೆಯ ಮೇಲೆ ಕೂತು ದಿನಕ್ಕೆ ಎಷ್ಟು ಸಲ ಕೂಗುತ್ತಿದ್ದಳು ನೆನಪಿದೆಯೇ? "ಹಿಪ್ಪರಗೆವ್ವಾ, ಎಮ್ಮಿಗಿ ನೀರ ಕುಡಿಸಿದೇನ?" ಸೊಸೆಯಂದಿರನ್ನು ತವರಿನ ಊರಿನ ಹೆಸರಿನಿಂದಲೇ ಕರೆಯುವುದು ಆಯಿಯ ಕಾಲದ ರೂಢಿ. ಆಯಿ ಸತ್ತಾಗ ನಾನು ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿದ್ದೆ. ಆಮೇಲೆ ಹಾಗೆ ಕರೆಯುವವರು ಯಾರೂ ಉಳಿಯಲಿಲ್ಲ, ನಾನೂ ಮರೆತಿದ್ದೆ. ಗಂಡಸರಿಗೆ ಊರು ಬಿಟ್ಟರೆ ಊರಿನ ಹೆಸರು ಅಡ್ಡಹೆಸರಾಗಿ ಬಂದು ಕೂಡುತ್ತದೆ, ಹೆಂಗಸರಿಗೆ ಇದ್ದ ಹೆಸರೇ ಹೋಗುತ್ತದೆ.

ಡ್ಯೂಟಿ ಮುಗಿಸಿ ನೇರ ಕಾಶಿಬಾಯಿಯ ಮನೆಗೆ ಹೋಗಿ, ಹೆಸರು ಹಾಕಿ ಹುಡುಕುವುದು ಬೇಡ, 2002ರಲ್ಲಿ ನಮ್ಮ ಮನೆ ಇದ್ದ ಓಣಿಯ ಪುಟವನ್ನೇ ತೆಗೆಯಿರಿ ಎಂದೆ. ಇತ್ತು ಅಣ್ಣಾ. ಆಯಿಯ ಹೆಸರು, ಅದರ ಕೆಳಗೆ ಅಪ್ಪ, ಅದರ ಕೆಳಗೆ 'ಹಿಪ್ಪರಗೆವ್ವ, ಗಂಡ ಮಾಳಿಂಗಪ್ಪ'. ಅದರ ಕೆಳಗೆ ನೀನು. ಆಗ ತಾನೆ ಹತ್ತೊಂಬತ್ತು ತುಂಬಿದ ಅರುಣಕುಮಾರ, ಒಂದು ಅಕ್ಷರ ಕೂಡ ತಪ್ಪಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ನನ್ನನ್ನು ಮೂರು ತಾಲೂಕು ಓಡಾಡಿಸಿದೆ. ಅವಳು ನಿನ್ನ ಹೆಸರಿನ ಮೇಲಿನ ಸಾಲಿನಲ್ಲೇ ಇದ್ದಳು. ನಿನ್ನ ಸ್ವಂತ ಹೆಸರನ್ನಾದರೂ ಒಂದು ಸಲ ತೆಗೆದು ನೋಡಿದ್ದರೆ ಸಾಕಿತ್ತು.

ಮನೆಗೆ ಬಂದು ಅವ್ವನನ್ನು ಕೇಳಿದೆ, ಈ ಹೆಸರು ಯಾರು ಬರೆಸಿದರು ಎಂದು. ಅವಳು ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. "ಅವತ್ತ ಪಟ್ಟಿ ಬರಕೊಳ್ಳಾವ್ರು ಬಂದಾಗ ನಿಮ್ಮಪ್ಪ ಹೊಲಕ್ಕ ಹೋಗಿದ್ದ. ಅರುಣ ಕುರ್ಚಿ ಮ್ಯಾಲ ಕುಂತ ಎಲ್ಲಾರ ಹೆಸರ ಬರಸಿದ. ನಿಮ್ಮ ತಾಯಿ ಹೆಸರೇನಪಾ ಅಂತ ಕೇಳಿದ್ರು, ಹಿಪ್ಪರಗೆವ್ವ ಅಂದ." ಅವ್ವಾ, ನೀನು ಅಲ್ಲೇ ಇದ್ದೆಯಲ್ಲ, ಅದು ನನ್ನ ಹೆಸರಲ್ಲ ಎಂದು ಯಾಕೆ ಹೇಳಲಿಲ್ಲ ಎಂದೆ. "ಹೆಂಗ ಹೇಳ್ಲಿ? ತಾಯಿ ಹೆಸರ ಗೊತ್ತಿಲ್ಲ ಅಂದ್ರ ಮಂದಿ ಮುಂದ ಮಗಂದ ಮಾರಿ ಸಣ್ಣದಾಗ್ತಿತ್ತು" ಎಂದಳು.

ಓದಿದೆಯಾ? ಇನ್ನೊಂದು ಸಲ ಓದು. ನಿನ್ನ ಮುಖ ಸಣ್ಣದಾಗಬಾರದೆಂದು ಅವಳು ಒಲೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂತಳು. ಅಲ್ಲಿಂದ ಹೊಸ ಕಾರ್ಡು ಬರುವವರೆಗೆ ಪ್ರತಿ ಓಟಿನಲ್ಲೂ ಹಿಪ್ಪರಗೆವ್ವ ಎಂದು ಕೂಗಿದಾಗ ಎದ್ದು ಹೋಗಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದಳು. ಮುಂದೆ ಆಧಾರ್ ಮಾಡಿಸುವಾಗ ನೀನೂ ಇರಲಿಲ್ಲ, ನಾನೂ ಇರಲಿಲ್ಲ. ಅವಳೇ ಬಾಯಿಬಿಟ್ಟು ಶೇವಂತೆವ್ವ ಎಂದು ಹೇಳಿದಳು. ಓಟಿನ ಕಾರ್ಡಿನಲ್ಲೂ ಆಮೇಲೆ ಅದೇ ಬಂತು. ಅಂದರೆ ತನ್ನ ಹೆಸರು ತನಗೆ ಬೇಕು ಎಂದು ಅವಳಿಗೆ ಇತ್ತು ಅಣ್ಣಾ. ಬಿ.ಎ. ಮೊದಲ ವರ್ಷಕ್ಕೆ ರಾಜರ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದವನಿಗೆ ತಾಯಿಯ ಹೆಸರು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ನಿಜ, ಆದರೆ ನಾನು ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದವಳು, ಕುರ್ಚಿಯ ಮೇಲೆ ಕೂತು ಬರೆಸಿದವಳಲ್ಲ.

ಸೋಮವಾರ ಅವ್ವನನ್ನು ವಿಚಾರಣೆಗೆ ಕರೆದಿದ್ದಾರೆ. ಎರಡೂ ಹೆಸರು ಒಬ್ಬಳದೇ ಎಂದು ಆ ಪುಟದಲ್ಲಿರುವ ಮನೆಯವರು ಯಾರಾದರೂ ಬಂದು ಹೇಳಿದರೆ ಒಳ್ಳೆಯದು ಎಂದು ಕಾಶಿಬಾಯಿ ಹೇಳಿದರು. ಆ ಪುಟದವರಲ್ಲಿ ಈಗ ಆಯಿ ಇಲ್ಲ, ಅಪ್ಪ ಇಲ್ಲ, ಉಳಿದವನು ನೀನು. ನಮ್ಮಣ್ಣ ದೊಡ್ಡ ಕೆಲಸದಲ್ಲಿದ್ದಾನೆ, ಬರುವುದಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದೇನೆ. ನಿನ್ನನ್ನು ಕರೆಯಲು ಈ ಕಾಗದ ಬರೆಯುತ್ತಿಲ್ಲ. ನಿನಗೆ ತಿಳಿದಿರಲಿ ಎಂದಷ್ಟೇ. ನೀನು ಸೋಮಣ್ಣನ ಅಪ್ಪನನ್ನು ಹುಡುಕುತ್ತ ಕೂತಿರು.

ವೈನಿಗೆ ನಮಸ್ಕಾರ, ಪ್ರಿಯದರ್ಶಿನಿಗೆ ಅತ್ತೆಯ ಮುತ್ತು. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ನಿನ್ನ ತಂಗಿ,
ಕಾವೇರಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಾಶಿಬಾಯಿ ಬಂದರು. ನಾನು ಡ್ಯೂಟಿಗೆ ಹೋದಾಗ ಅವ್ವ ಒಬ್ಬಳೇ ಅವರ ಮನೆಗೆ ಹೋಗಿದ್ದಳಂತೆ, ಪಕ್ಕದ ಮನೆಯವರ ಕೈಯಲ್ಲಿ ಒಂದು ಕಾಗದ ಬರೆಸಿಕೊಂಡು. 'ನನ್ನ ಖರೆ ಹೆಸರು ಹಿಪ್ಪರಗೆವ್ವ. ಶೇವಂತೆವ್ವ ಎಂದು ನಾನೇ ತಪ್ಪು ಹೇಳಿದ್ದೆ. ಅದನ್ನು ಎಲ್ಲ ಕಡೆ ತೆಗೆಯಬೇಕು' ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಾಳೆ. ಕಾಶಿಬಾಯಿ ಅದನ್ನು ಮೇಲೆ ಕೊಡದೆ ಸೋಮವಾರದವರೆಗೆ ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ. ಕೇಳಿದರೆ ಅವ್ವ, "ಶೇವಂತಿ ಅಂತ ಕರಿಯಾವ್ರು ಯಾರ ಉಳದಾರ? ಮಗಾ ಬರಸಿದ್ದ ಖರೆ ಆಗ್ಲಿ" ಎನ್ನುತ್ತಾಳೆ. ಮೇಲೆ ಬರೆದದ್ದೆಲ್ಲ ಸಿಟ್ಟು, ಅದು ಇರಲಿ, ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಇದು ಬೇರೆ. ಅಂಚೆಗೆ ಹಾಕದೆ ನಮ್ಮ ಡಿಪೋದ ಫಕ್ರುದ್ದೀನ ಮಾಮಾನ ಕೈಯಲ್ಲಿ ಮೈಸೂರಿನ ಗಾಡಿಗೆ ಕೊಟ್ಟು ಕಳಿಸುತ್ತಿದ್ದೇನೆ. ಶನಿವಾರವೇ ಹೊರಟು ಬಾ. ಕ್ಷಮೆ ಗಿಮೆ ಏನೂ ಬೇಡ, ಅವಳಿಗೆ ತಿಳಿಯುವುದೂ ಇಲ್ಲ. ಸೋಮವಾರ ಅಧಿಕಾರಿಯ ಮುಂದೆ ನಿಮ್ಮ ತಾಯಿಯ ಹೆಸರೇನು ಎಂದು ಕೇಳುತ್ತಾರೆ. ಈ ಸಲ ಸರಿಯಾಗಿ ಹೇಳು. ಅವ್ವನ ಕಿವಿ ಈಗ ಮಂದವಾಗಿದೆ, ಸ್ವಲ್ಪ ಜೋರಾಗಿ ಹೇಳು.