ಮುಟ್ಟು ನಿಂತರೆ

ಮಾರ್ಚ್ ೧೧, ಮಂಗಳವಾರ

ಹುಡುಗಿಯರಿಗೆ ಮೈಯ ವಿಷಯ ಪಾಠ ಮಾಡುತ್ತೇವೆಂದು ಮೊಮ್ಮಗಳ ಶಾಲೆಯವರು ಒಪ್ಪಿಗೆ ಚೀಟಿ ಕಳಿಸಿದಾಗ ಸಹಿ ಹಾಕದವಳು ನಾನೊಬ್ಬಳೇ. "ನಮ್ಮನೆ ಹುಡುಗಿಗೆ ನನ್ನ ಭಯ ಒಂದಿದ್ರೆ ಸಾಕು" ಎಂದು ಟೀಚರಿಗೆ ಹೇಳಿಬಂದಿದ್ದೆ. ನನ್ನ ಹೆಣ್ಣುಮಕ್ಕಳಿಬ್ಬರೂ ಆ ಭಯದಲ್ಲೇ ಬೆಳೆದವರು.

ಇವತ್ತು ಬಟ್ಟೆ ಮಡಚುವಾಗ ಮೊಮ್ಮಗಳು ಕೇಳಿದಳು, "ಅಜ್ಜಿ, ಮುಟ್ಟು ನಿಂತ್ರೆ ಏನರ್ಥ?"

"ಮುದುಕಿ ಆದ್ಲು ಅಂತ, ನನ್ ಥರ" ಎಂದು ನಕ್ಕೆ.

ಅವಳು ನಗಲಿಲ್ಲ. "ಹದಿನಾರಕ್ಕೇ ಆಗ್ತಾರಾ?"

"ಎಷ್ಟು ತಿಂಗಳಾಯ್ತೇ?" ಎಂದೆ. ನನ್ನ ಮುಖ ನೋಡಿದವಳೇ, "ನಂಗಲ್ಲಜ್ಜಿ, ಯಾರೋ ಫ್ರೆಂಡ್‌ಗೆ" ಎಂದು ಎದ್ದುಹೋದಳು.

ಊಟಕ್ಕೂ ಬರಲಿಲ್ಲ. ಕೋಣೆಗೆ ಒಳಗಿನಿಂದ ಚಿಲಕ ಹಾಕಿದ್ದಾಳೆ, ದೀಪ ಇನ್ನೂ ಉರಿಯುತ್ತಿದೆ, ಸದ್ದೇ ಇಲ್ಲ. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಹೆದರಿಸದೆ ಅವಳನ್ನು ಕರೆಯುವುದು ಹೇಗೆಂದು ನನಗೆ ಗೊತ್ತಿಲ್ಲ.